ನಾಮಿನಿ ಅಣ್ಣನೇ ಫ್ಲಾಟಿನ ಮಾಲೀಕನಾ? (ಮುಲುಂಡ್, ಮುಂಬೈ)

ಪ್ರಶ್ನೆ: ಹೌಸಿಂಗ್ ಸೊಸೈಟಿಯ ಫ್ಲಾಟು ಅಪ್ಪನ ಸ್ವಂತ ದುಡಿಮೆಯದು. ವಿಲ್ ಬರೆಯದೆ ತೀರಿಕೊಂಡರು. ನಾಮಿನಿ ಅಣ್ಣ. ಸೊಸೈಟಿ ಸದಸ್ಯತ್ವ ತೋರಿಸುವ ಶೇರ್ ಸರ್ಟಿಫಿಕೇಟಿಗೆ ಈಗ ಅವನ ಹೆಸರು ಹತ್ತಿದೆ. ಅಮ್ಮನಿಗೆ, ನನಗೆ, ಮದುವೆಯಾದ ತಂಗಿಗೆ ಪಾಲಿಲ್ಲವೇ?

ಉತ್ತರ 1: ಖಂಡಿತ ಇದೆ ಸರ್. ನಾಮಿನೇಶನ್ನಿನಿಂದ ಮಾಲೀಕತ್ವ ಬರುವುದಿಲ್ಲ. ವಾರಸುದಾರರು ತೀರ್ಮಾನವಾಗುವ ತನಕ ಸೊಸೈಟಿ ಯಾರೊಡನೆ ವ್ಯವಹರಿಸಬೇಕು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. 2019ರಲ್ಲಿ ಮಹಾರಾಷ್ಟ್ರ ಸಹಕಾರಿ ಕಾಯ್ದೆಗೆ ಸೇರಿದ 154ಬಿ-13ನೇ ಕಲಮಿನ ಪ್ರಕಾರ ನಾಮಿನಿ ಬರೀ ತಾತ್ಕಾಲಿಕ ಸದಸ್ಯ. ಪಾಲು ನಿರ್ಧರಿಸುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ: ಅಮ್ಮ, ನೀವು, ಅಣ್ಣ, ತಂಗಿ, ತಲಾ ಕಾಲು ಭಾಗ. ಅಪ್ಪನ ತಾಯಿ ಆಗ ಬದುಕಿದ್ದರೆ ಅವರಿಗೂ ಸಮಪಾಲು, ಅಂದರೆ ಐದರಲ್ಲೊಂದು. ಅಜ್ಜಿಯನ್ನು ಬಹಳ ಮಂದಿ ಮರೆತೇಬಿಡುತ್ತಾರೆ, ಮುಂದೆ ಮಾರುವಾಗ ಅಲ್ಲೇ ತೊಡಕು.

ಉತ್ತರ 2: ಮೊದಲು ಸೊಸೈಟಿ ಕಾರ್ಯದರ್ಶಿಗೆ ಲಿಖಿತ ಆಕ್ಷೇಪಣೆ ಕೊಡಿ. ಜೊತೆಗೆ ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆಯ ಪ್ರತಿ ಇರಲಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ.

ಎಲ್ಲರೂ ಒಪ್ಪಿ ಫ್ಲಾಟನ್ನು ಅಮ್ಮನಿಗೇ ಬಿಡುವುದಾದರೆ ಉಳಿದವರು ಹಕ್ಕು ಬಿಡುಗಡೆ ಪತ್ರ ಮಾಡಿಕೊಡಿ. ಅದಕ್ಕೆ ನೋಟರಿ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಿ. ಯಾರ ಪರವಾಗಿ ಬಿಡುತ್ತೀರಿ ಎಂದು ಹೆಸರು ಸ್ಪಷ್ಟವಾಗಿ ಬರೆಸಿ. ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ (ಪಾಲು ಹಂಚಿಕೆಯ) ದಾವೆ ಹೂಡಿ. ಜೊತೆಯಲ್ಲೇ ಮಾರಾಟಕ್ಕೆ ತಡೆಯಾಜ್ಞೆ ಕೇಳಿ.

ಉತ್ತರ 3: ಕೊಳ್ಳುವವರಿಗೂ ಒಂದು ಮಾತು. ಶೇರ್ ಸರ್ಟಿಫಿಕೇಟಿನ ಹೆಸರೊಂದನ್ನೇ ನಂಬಿ ಟೋಕನ್ (ಮುಂಗಡ ಹಣ) ಕೊಡಬೇಡಿ. ಹಿಂದಿನ ಸದಸ್ಯ ತೀರಿಕೊಂಡಿದ್ದರೆ ಪ್ರತಿಯೊಬ್ಬ ವಾರಸುದಾರರ ನೋಂದಾಯಿತ ಬಿಡುಗಡೆ ಪತ್ರ ಕೇಳಿ, ಇಲ್ಲವೇ ಎಲ್ಲರಿಂದಲೂ ಕ್ರಯಪತ್ರಕ್ಕೆ ಸಹಿ ಹಾಕಿಸಿ.