ತ್ರಿಮಾನದಲ್ಲಿ ಬರೆದ ಅವಿಭಾಜ್ಯ ಸಂಖ್ಯೆ: ಅಂಕಿಗಳ ಮೊತ್ತ ಯಾವಾಗಲೂ ಬೆಸವೇ?

ಪ್ರಶ್ನೆ: ಮೇಡಂ, 0, 1, 2 ಮಾತ್ರ ಬಳಸುವ ತ್ರಿಮಾನ ಪದ್ಧತಿಯಲ್ಲಿ ಅವಿಭಾಜ್ಯ ಸಂಖ್ಯೆಗಳನ್ನು ಬರೆಯುತ್ತಾ ಹೋದೆ. 5 ಎಂದರೆ 12, 7 ಎಂದರೆ 21, 11 ಎಂದರೆ 102, 13 ಎಂದರೆ 111. ಸಂಖ್ಯೆ 2 ಒಂದನ್ನು ಬಿಟ್ಟರೆ ಎಲ್ಲದರ ಅಂಕಿಗಳ ಮೊತ್ತವೂ ಬೆಸ! ಅವಿಭಾಜ್ಯವನ್ನು ಗುರುತಿಸಲು ಇದು ಸಾಕಾಗುತ್ತದೆಯೇ?

ಉತ್ತರ: ನೀವು ಗಮನಿಸಿದ್ದು ಸರಿ, ಎಷ್ಟು ದೂರ ಹೋದರೂ ತಪ್ಪುವುದಿಲ್ಲ. ಆದರೆ ಅದು ಅವಿಭಾಜ್ಯಗಳ ಗುಣವಲ್ಲ, ಬೆಸ ಸಂಖ್ಯೆಗಳ ಗುಣ. ತ್ರಿಮಾನದ ಸ್ಥಾನಬೆಲೆಗಳು 1, 3, 9, 27, 81, ಒಂದೂ ಸಮವಿಲ್ಲ. ಅಂಕಿ 2 ಇರುವಲ್ಲಿ ಸೇರುವುದು ಸಮ, 1 ಇರುವಲ್ಲಿ ಸೇರುವುದು ಬೆಸ. ಹಾಗಾಗಿ ಸಂಖ್ಯೆ ಬೆಸವಾಗಬೇಕಾದರೆ ಅದರಲ್ಲಿ 1ಗಳು ಬೆಸ ಸಲ ಬರಲೇಬೇಕು. 25 ಅನ್ನು ಬರೆದು ನೋಡಿ: 221, ಮೊತ್ತ 5. ಬೆಸವೇ, ಆದರೆ ಅವಿಭಾಜ್ಯವಲ್ಲ.

ಇಷ್ಟಕ್ಕೇ ಬಿಡಬೇಡಿ. ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಬಲಗಡೆಯಿಂದ ಒಂದಂಕಿಯನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ. ಬಂದ ಉತ್ತರವನ್ನೂ ಮೂಲ ಸಂಖ್ಯೆಯನ್ನೂ 4ರಿಂದ ಭಾಗಿಸಿದರೆ ಎರಡಕ್ಕೂ ಬರುವ ಶೇಷ ಸಮಾನ. 29 ಎಂದರೆ 1002; 2 − 0 + 0 − 1 = 1. ಬೆಸ ಅವಿಭಾಜ್ಯಕ್ಕೆ ಶೇಷ 1 ಬಂದರೆ ಅದು ಎರಡು ವರ್ಗಗಳ ಮೊತ್ತವಾಗುತ್ತದೆ. ಫರ್ಮಾ ಹೇಳಿ ಆಯ್ಲರ್ ಸಾಧಿಸಿದ ಪ್ರಮೇಯವಿದು. 29 = 25 + 4. ಇನ್ನು 23 ಎಂದರೆ 212; 2 − 1 + 2 = 3. ಅದನ್ನು ಹೀಗೆ ಒಡೆಯಲು ಎಂದಿಗೂ ಆಗದು.

ಮರುಪ್ರಶ್ನೆ, ಇನ್ನೊಬ್ಬರಿಂದ: 13ರ ಹಾಗೆ ಬರೀ 1ಗಳೇ ಇರುವ ಅವಿಭಾಜ್ಯಗಳು ಬೇರೆ ಇವೆಯೇ?

ಉತ್ತರ: ಇವೆ. ಆದರೆ ಮೊದಲು 1ಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಆರು 1ಗಳಿದ್ದರೆ 111 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಎಣಿಕೆ ಅವಿಭಾಜ್ಯವಾದರೂ ಭರವಸೆಯಿಲ್ಲ: ಐದು 1ಗಳೆಂದರೆ ದಶಮಾನದ 121, ಅಂದರೆ 11ರ ವರ್ಗ. ಏಳು 1ಗಳಿಗೆ 1093, ಹದಿಮೂರಕ್ಕೆ 797161, ಎರಡೂ ಅವಿಭಾಜ್ಯ.

ಈ 1093 ಸಾಮಾನ್ಯದ್ದಲ್ಲ. ಅವಿಭಾಜ್ಯ p ಬೆಸವಾಗಿದ್ದರೆ, 2ರ (p − 1)ನೇ ಘಾತದಿಂದ 1 ಕಳೆದದ್ದು p ಯಿಂದ ಭಾಗವಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ p 1093 ಆದಾಗ, ಅದರ ವರ್ಗದಿಂದಲೂ ಭಾಗವಾಗುತ್ತದೆ! ಮೈಸ್ನರ್ ಇದನ್ನು 1913ರಲ್ಲಿ ಕಂಡುಕೊಂಡರು. 1922ರಲ್ಲಿ ಬೇಗರ್ ಅವರಿಗೆ 3511 ಸಿಕ್ಕಿತು. ಕಂಪ್ಯೂಟರ್‌ಗಳು ಇಷ್ಟೆಲ್ಲ ಜಾಲಾಡಿದರೂ ಮೂರನೆಯದು ಸಿಕ್ಕಿಲ್ಲ.

ಮೊದಲು ಕೇಳಿದವರು: ಕೊನೆಯ ಅಂಕಿಯಲ್ಲಿ 1, 2 ಸಮಸಮ ಬರುತ್ತವೆಯೇ ಮೇಡಂ?

ಉತ್ತರ: ಎರಡೂ ಬಗೆಯವು ಅನಂತವಾಗಿವೆ, ಡಿರಿಕ್ಲೆ 1837ರಲ್ಲೇ ಸಾಧಿಸಿದ್ದಾರೆ. ದೂರ ಹೋದಂತೆ ಪಾಲು ಅರ್ಧರ್ಧದತ್ತ ಸಾಗುತ್ತದೆ. ಆದರೂ ಎಣಿಸುತ್ತಾ ಹೋದರೆ 1ರಲ್ಲಿ ಕೊನೆಯಾಗುವವು ಮೊದಲ ಬಾರಿ ಮುಂದೆ ಬರುವುದು 608981813029 ತಲುಪಿದಾಗ.