ಪದ್ಮಿನಿಯ ರನ್ನಿಂಗ್ ಬೋರ್ಡ್ ಕೊಳೆತಿದೆ: ವೆಲ್ಡಿಂಗ್ ಕಲಿತು ನಾನೇ ಮಾಡಬಹುದಾ?

ಪದ್ಮಿನಿ_ಕೆಎ06 (ತುಮಕೂರು)

ಎಲ್ಲರಿಗೂ ನಮಸ್ಕಾರ. ಗಾಡಿ 1986ರ ಪ್ರೀಮಿಯರ್ ಪದ್ಮಿನಿ. ಇಂಜಿನ್, ಗೇರ್‌ಬಾಕ್ಸ್ ಗಟ್ಟಿಯಾಗಿವೆ, ತೊಂದರೆ ಇರೋದು ಬಾಡಿಯಲ್ಲಿ. ಎಡಗಡೆ ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ತಗಡಿನ ಪೆಟ್ಟಿಗೆ) ಮುಂದಿನ ಚಕ್ರದ ಹಿಂದಿನಿಂದ ಒಂದೂವರೆ ಅಡಿ ಉದ್ದಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತೆ. ಡ್ರೈವರ್ ಕಾಲಡಿಯ ಫ್ಲೋರಲ್ಲಿ ಅಂಗೈ ಅಗಲದ ತೂತು. ಹಿಂದೆ ಹಾಕಿದ ತೇಪೆಯ ಮೇಲೆ ಇನ್ನೊಂದು ತೇಪೆ ಇದೆ, ಎರಡರ ನಡುವೆಯೂ ತುಕ್ಕು.

ನನ್ನ ಹತ್ತಿರ 200 ಆಂಪ್ಸ್ ಆರ್ಕ್ ಇನ್ವರ್ಟರ್ (ರಾಡ್ ಹಾಕಿ ಬೆಸೆಯುವ ಮಷೀನ್) ಮತ್ತು 4 ಇಂಚಿನ ಗ್ರೈಂಡರ್ ಇವೆ. ಮನೆಗೆ ಸಿಂಗಲ್ ಫೇಸ್, 16 ಆಂಪ್ಸ್ ಪ್ಲಗ್. ಶೆಡ್ಡಿಗೆ ಮೇಲೆ ಶೀಟ್ ಮಾತ್ರ, ಎರಡು ಕಡೆ ಗೋಡೆ ಇಲ್ಲ. ಈ ಮಷೀನ್ ಸಾಕಾ? ಯಾವ ತಗಡು ತರಬೇಕು? ಯಾವುದನ್ನು ಮೊದಲು ಕತ್ತರಿಸಬೇಕು?

ತಗಡು_ಸುತ್ತಿಗೆ (ಶಿರಾ ಗೇಟ್)

ಸರ್, ಆರ್ಕ್ ಮಷೀನ್ ಗೇಟು, ಗ್ರಿಲ್ಲಿಗೆ ಇಟ್ಟುಕೊಳ್ಳಿ. ಬಾಡಿ ತಗಡು ಇರೋದೇ 1 ಎಂಎಂ ಆಸುಪಾಸು. 2.5 ಎಂಎಂ ರಾಡ್ ಸರಿಯಾಗಿ ಉರಿಯೋಕೆ 60-70 ಆಂಪ್ಸ್ ಬೇಕು, ಅಷ್ಟರಲ್ಲಿ ತಗಡು ಕರಗಿ ತೂತು ಬೀಳುತ್ತೆ. 30 ಆಂಪ್ಸ್‌ವರೆಗೆ ಇಳಿಯುವ ಸಿಂಗಲ್ ಫೇಸ್ ಮಿಗ್ ಮಷೀನ್ (ರಾಡ್ ಬದಲು ಸುರುಳಿಯಿಂದ ವೈರ್ ತಾನೇ ಬರುತ್ತೆ, ಜೊತೆಗೆ ಗಾಳಿ ತಡೆಯುವ ಗ್ಯಾಸ್) ತಗೊಳ್ಳಿ. ವೈರ್ 0.8 ಎಂಎಂ, ಇಆರ್70ಎಸ್-6. ವೈರ್ ತಳ್ಳುವ ರೋಲರಿನ ತೋಡು, ಟಾರ್ಚಿನ (ಬೆಸೆಯುವ ಹಿಡಿ) ತುದಿಯ ಟಿಪ್ ಎರಡೂ 0.8ರದ್ದೇ ಇರಬೇಕು. ಇಲ್ಲದಿದ್ದರೆ ವೈರ್ ಜಾರುತ್ತೆ, ಆರ್ಕ್ ಕೆಮ್ಮಿದ ಹಾಗೆ ಬಿಟ್ಟು ಬಿಟ್ಟು ಬರುತ್ತೆ. ಗ್ಯಾಸ್ ಬೇಡದ ಪುಡಿ ತುಂಬಿದ ವೈರ್ ಅಗ್ಗ ಅಂತ ಅದಕ್ಕೆ ಹೋಗಬೇಡಿ. ತೆಳು ತಗಡಿಗೆ ಅದರ ಕಾವು ಜಾಸ್ತಿ, ಕಿಡಿಯೂ ಜಾಸ್ತಿ. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20ರ ಮಿಶ್ರಣ ಸಿಕ್ಕರೆ ಒಳ್ಳೇದು, ಬರೀ ಕಾರ್ಬನ್ ಡೈಆಕ್ಸೈಡ್ ಆಳಕ್ಕೆ ಕೊರೆಯುತ್ತೆ.

ತಗಡು ಸಿಆರ್ (ಕೋಲ್ಡ್ ರೋಲ್ಡ್) ಶೀಟೇ ಬೇಕು. ಫ್ಲೋರಿಗೆ 20 ಗೇಜ್, ರನ್ನಿಂಗ್ ಬೋರ್ಡಿಗೆ 18 ಗೇಜ್ ಲೆಕ್ಕ. ಆದರೂ ಗಟ್ಟಿ ಇರುವ ಕಡೆ ಪೇಂಟ್ ಕೆರೆದು ವರ್ನಿಯರ್‌ನಲ್ಲಿ ಅಳೆದುಕೊಂಡೇ ತನ್ನಿ. ಎಂಟಡಿ-ನಾಲ್ಕಡಿ ಶೀಟ್ ಪೂರ್ತಿ ಬೇಕಾಗಲ್ಲ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಬೆಂಡಿಂಗ್ ಮಷೀನ್ ಇರುವ ಫ್ಯಾಬ್ರಿಕೇಷನ್ ಶೆಡ್ ಹಿಡಿದರೆ ಕತ್ತರಿಸಿ, ಬೋರ್ಡಿನ ಮಡಿಕೆಯನ್ನೂ ಮಾಡಿಸಿಕೊಂಡು ಬರಬಹುದು. ಜಿಐ (ಸತು ಲೇಪಿಸಿದ) ಶೀಟ್ ಮಾತ್ರ ಬೇಡವೇ ಬೇಡ. ಸತುವಿನ ಹೊಗೆ ಕುಡಿದರೆ ಅವತ್ತು ರಾತ್ರಿ ಚಳಿಜ್ವರ ಬರುತ್ತೆ. ಹಾಲು ಕುಡಿದರೆ ಸರಿಹೋಗುತ್ತೆ ಅನ್ನೋ ಮಾತು ನಂಬಬೇಡಿ.

ಗಾಡಿ ಮುಟ್ಟುವ ಮೊದಲು ಅದೇ ತಗಡಿನ ತುಂಡುಗಳನ್ನು ಜೋಡಿಸಿ ಕನಿಷ್ಠ ಮೂವತ್ತು ಜಾಯಿಂಟ್ ಮಾಡಿ. ಪ್ರತಿಯೊಂದನ್ನೂ ವೈಸ್‌ನಲ್ಲಿ ಕಚ್ಚಿಸಿ, ಬೆಸುಗೆಯ ಗೆರೆಯ ಮೇಲೇ ಮಡಚಿ ನೋಡಿ. ಗೆರೆ ಬಿರುಕು ಬಿಟ್ಟರೆ ಬೆಸುಗೆ ಮೇಲೆ ಮೇಲೆ ಕೂತಿದೆ ಅಂತ ಅರ್ಥ. ಹಿಂಬದಿಯಲ್ಲೂ ಸಣ್ಣ ಉಬ್ಬು ಗೆರೆ ಕಾಣಬೇಕು.

ಕ್ಯಾತಸಂದ್ರ_ಗ್ಯಾರೇಜ್

ಮಷೀನ್ ವಿಷಯ ಅವರು ಹೇಳಿದ್ದು ಸರಿ. ನನಗೆ ಭಯ ಇರೋದು ನೀವು ಗ್ರೈಂಡರ್ ಹಿಡಿದು ನೇರ ರನ್ನಿಂಗ್ ಬೋರ್ಡಿಗೆ ಕೈ ಹಾಕ್ತೀರಿ ಅಂತ. ಪದ್ಮಿನಿಗೆ ಲಾರಿ ಹಾಗೆ ಬೇರೆ ಚಾಸಿ ಇಲ್ಲ. ಫ್ಲೋರ್, ರನ್ನಿಂಗ್ ಬೋರ್ಡ್, ಬಾಗಿಲ ಅಕ್ಕಪಕ್ಕದ ಕಂಬ ಎಲ್ಲ ಸೇರಿಯೇ ಚಾಸಿ. ಬೋರ್ಡ್ ಕತ್ತರಿಸಿದ ಕಡೆ ಬಾಡಿ ಮೂರು ನಾಲ್ಕು ಎಂಎಂ ಇಳಿದರೂ ಸಾಕು, ಆಮೇಲೆ ಡೋರ್ ಕೂರಲ್ಲ. ಆ ವಕ್ರದ ಮೇಲೆ ಹೊಸ ತಗಡು ಬೆಸೆದರೆ ವಕ್ರವೇ ಖಾಯಂ.

ಅದಕ್ಕೇ ಮೊದಲು ಅಳತೆ. ಡೋರ್ ಮುಚ್ಚಿ ಸುತ್ತಲಿನ ಸಂದನ್ನು ಆರೇಳು ಕಡೆ ಅಳೆದು ಬಾಡಿಯ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ. ಡೋರ್ ತೆರೆದು, ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆಯಿರಿ. ಆಮೇಲೆ ಗಾಡಿಯನ್ನು ಸಮನೆಲದಲ್ಲಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದೆರಡು ಹಿಂದೆರಡು, ಗಟ್ಟಿ ಜಾಗದಲ್ಲಿ, ನಡುವೆ ಮರದ ತುಂಡು ಕೊಟ್ಟು. ಕೊಳೆತ ಬೋರ್ಡಿಗೆ ಜಾಕಿ ಕೊಡಬೇಡಿ. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಸಂದು ಮತ್ತೆ ಅಳೆಯಿರಿ. ಬದಲಾಗಿದ್ದರೆ ಮೊದಲಿನ ಅಳತೆಗೆ ಬರುವವರೆಗೆ ಸ್ಟ್ಯಾಂಡ್ ಸರಿಸಿ. ಅಳತೆ ಕೂತ ಮೇಲೆ 25 ಎಂಎಂ ಚೌಕದ ಪೈಪನ್ನು ಮುಂದಿನ ಕಂಬದಿಂದ ನಡುಗಂಬಕ್ಕೆ ಅಡ್ಡಕ್ಕೊಂದು, ಕರ್ಣಕ್ಕೊಂದು ಬೆಸೆಯಿರಿ. ಈ ಕೆಲಸಕ್ಕೆ ನಿಮ್ಮ ಆರ್ಕ್ ಮಷೀನ್ ಬೇಡ, ಕಂಬವೂ ತಗಡೇ.

ಒಂದು ಸಲಕ್ಕೆ ಒಂದೇ ಕಡೆ. ಎಡಗಡೆ ಬೋರ್ಡ್ ಪೂರ್ತಿ ಬೆಸೆದು ಆರಿದ ಮೇಲಷ್ಟೇ ಡ್ರೈವರ್ ಕಡೆಯ ಫ್ಲೋರ್. ಹಳೇ ತೇಪೆಗಳನ್ನು ಪೂರ್ತಿ ತೆಗೆಯಿರಿ, ಹೊಳೆಯುವ ತಗಡು ಬರುವವರೆಗೆ ಕತ್ತರಿಸಿ. ತುಕ್ಕು ಎರಡು ಇಂಚು ಕಂಡರೆ ನಾಲ್ಕು ಇಂಚು ಹೋಗಿರುತ್ತೆ. ಹಳೇ ಲಗ್ನಪತ್ರಿಕೆಯಂಥ ಗಟ್ಟಿ ಕಾಗದದಲ್ಲಿ ಅಚ್ಚು ತೆಗೆದು ಹೊಸ ತಗಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆಯಲ್ಲೇ ಮೊದಲು ಬಿರುಕು ಬರೋದು. ಕಂಪನಿಯವರು ಸ್ಪಾಟ್ ವೆಲ್ಡ್ (ಎರಡು ತಗಡು ಒತ್ತಿ ಹಾಕಿದ ಚುಕ್ಕೆ ಬೆಸುಗೆ) ಹೊಡೆದಿದ್ದ ಅಂಚಿನಲ್ಲಿ ಮೇಲಿನ ತಗಡಿಗೆ ಇಂಚಿಗೊಂದರಂತೆ 6 ಎಂಎಂ ತೂತು ಹಾಕಿ, ಆ ತೂತಿನ ನಡುವಿಂದ ಕೆಳಗಿನ ತಗಡಿಗೆ ತುಂಬಿಸುತ್ತಾ ಬನ್ನಿ.

ಚಾಸಿ ನಂಬರ್ ಕೊರೆದಿರುವ ತಗಡನ್ನು ಕತ್ತರಿಸುವುದಿರಲಿ, ಗ್ರೈಂಡರ್ ಕೂಡ ತಾಗಿಸಬೇಡಿ.

ಪದ್ಮಿನಿ_ಕೆಎ06

ಮಿಗ್ ಬಂತು, ತುಂಡುಗಳ ಮೇಲೆ ಅಭ್ಯಾಸ ನಡೀತಿದೆ. ಎರಡು ಸಮಸ್ಯೆ. ಇಂಚು ಉದ್ದ ಗೆರೆ ಎಳೆಯೋದ್ರೊಳಗೆ ತಗಡು ತೂತಾಗುತ್ತೆ, ಇಲ್ಲವೇ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಕೆಲವು ಕಡೆ ಬೆಸುಗೆ ಬ್ರೆಡ್ಡಿನ ಹಾಗೆ ತೂತು ತೂತು.

ತಗಡು_ಸುತ್ತಿಗೆ (ಶಿರಾ ಗೇಟ್)

ತೂತು ತೂತು ಬರೋದು ಗಾಳಿಯಿಂದ. ಆಷಾಢದ ಗಾಳಿಗೆ ಗೋಡೆಯಿಲ್ಲದ ಶೆಡ್ಡಲ್ಲಿ ಗ್ಯಾಸ್ ನಿಲ್ಲಲ್ಲ. ಗ್ಯಾಸನ್ನು ನಿಮಿಷಕ್ಕೆ 10-12 ಲೀಟರಿಗೆ ಇಡಿ, ಗಾಳಿ ಬರುವ ಕಡೆ ತಗಡೋ ಪ್ಲೈವುಡ್ಡೋ ಅಡ್ಡ ನಿಲ್ಲಿಸಿ. ಟಾರ್ಪಾಲಿನ್ ಬೇಡ, ಕಿಡಿಗೆ ಹತ್ತಿಕೊಳ್ಳುತ್ತೆ. ಗ್ಯಾಸನ್ನು 20-25ಕ್ಕೆ ಏರಿಸಿದರೆ ಅದೇ ಸುಳಿ ಎಬ್ಬಿಸಿ ಹೊರಗಾಳಿ ಎಳೆದುಕೊಳ್ಳುತ್ತೆ. ತುಕ್ಕು, ಪೇಂಟ್, ಎಣ್ಣೆ ಉಳಿದಿದ್ದರೂ ಹೀಗೇ, ಜಾಯಿಂಟಿನ ಎರಡೂ ಬದಿ ಒಂದೊಂದು ಇಂಚು ಹಿಂದೆ ಮುಂದೆ ಹೊಳೆಯಬೇಕು. ಟಾರ್ಚ್ ಪಾಸಿಟಿವ್‌ಗೆ, ಅರ್ತ್ ನೆಗೆಟಿವ್‌ಗೆ ಇದೆಯಾ ನೋಡಿ.

ಇನ್ನು ಗೆರೆ ಎಳೆಯೋದನ್ನೇ ಬಿಡಿ, ಬಾಡಿ ಕೆಲಸದಲ್ಲಿ ಗೆರೆ ಅನ್ನೋದೇ ಇಲ್ಲ. ಎರಡು ತಗಡಿನ ನಡುವೆ ವೈರಿನಷ್ಟು, 0.8 ಎಂಎಂ ಸಂದು ಬಿಡಿ. ಒಂದು ಚುಕ್ಕೆ ಹಾಕಿ, ಇಂಚು ಬಿಟ್ಟು ಇನ್ನೊಂದಲ್ಲ, ಎದುರು ತುದಿಗೆ ಹೋಗಿ ಅಲ್ಲೊಂದು, ನಡುವಲ್ಲೊಂದು. ಹಾಗೆ ಓಡಾಡುತ್ತಾ ಇಂಚಿಗೊಂದು ಚುಕ್ಕೆ ಬಂದ ಮೇಲೆ ಅವುಗಳ ನಡುವೆ ತುಂಬಿ. ಟ್ರಿಗರ್ ಒತ್ತಿದ್ದು ಒಂದು ಸೆಕೆಂಡ್ ಮೀರಬಾರದು. ಹಿಂದಿನ ಚುಕ್ಕೆ ಬರಿಗೈಲಿ ಮುಟ್ಟುವಷ್ಟು ಆರಿರಬೇಕು. ನೀರು ಹಾಕಿ ಆರಿಸಬೇಡಿ, ಗಡುಸಾಗಿ ಬಿರುಕು ಬಿಡಬಹುದು. ತೂತು ಬಿದ್ದ ಕಡೆ ಎಸಿಯ ತಾಮ್ರದ ಪೈಪನ್ನು ಚಪ್ಪಟೆ ಬಡಿದು ಹಿಂದೆ ಒತ್ತಿ ಹಿಡಿದು ತುಂಬಿಸಿ, ಬೆಸುಗೆ ತಾಮ್ರಕ್ಕೆ ಹಿಡಿಯಲ್ಲ.

ಚುಕ್ಕೆ ಆರಿದಾಗ ಕುಗ್ಗುತ್ತೆ, ಸೊಟ್ಟ ಬರೋದು ಆ ಎಳೆತಕ್ಕೆ. ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ನಯವಾದ ಕಬ್ಬಿಣದ ಗಟ್ಟಿ) ಕೊಟ್ಟು ಚುಕ್ಕೆಯ ಮೇಲೇ ಸುತ್ತಿಗೆಯಿಂದ ಹಗುರ ನಾಲ್ಕು ಏಟು ಕೊಟ್ಟರೆ ಹಿಗ್ಗಿ ಸಮವಾಗುತ್ತೆ. ಅಕ್ಕಪಕ್ಕದ ತಗಡಿಗೆ ಹೊಡೆದರೆ ಮತ್ತಷ್ಟು ಉಬ್ಬುತ್ತೆ.

ಕ್ಯಾತಸಂದ್ರ_ಗ್ಯಾರೇಜ್

ಗಾಡಿಗೆ ಟಾರ್ಚ್ ಹಿಡಿಯುವ ದಿನ ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಸೀಟು, ಮ್ಯಾಟ್, ಫ್ಲೋರಿನ ಕೆಳಗಿನ ಟಾರು ಎಲ್ಲ ಕೆರೆದು ತೆಗೆಯಿರಿ. ಮುಗಿಸಿದ ಮೇಲೂ ಅರ್ಧ ಗಂಟೆ ಗಾಡಿ ಬಿಟ್ಟು ಕದಲಬೇಡಿ. ಹತ್ತಿ ಬಟ್ಟೆಯನ್ನೇ ಹಾಕಿ, ಹೆಲ್ಮೆಟ್ಟಿನ ಗಾಜು 10ನೇ ನಂಬರ್.

ಗ್ರೈಂಡ್ ಮಾಡುವಾಗ ಫ್ಲಾಪ್ ಡಿಸ್ಕನ್ನು (ಉಜ್ಜುಕಾಗದದ ಪದರಗಳ ಡಿಸ್ಕ್) ಬೆಸುಗೆಯ ಮೇಲಷ್ಟೇ ಆಡಿಸಿ. ತಗಡು ನೀಲಿ ತಿರುಗಿತು ಅಂದ್ರೆ ಕಾವು ಮೀರಿದೆ. ಬರೀ ತಗಡಿನ ಮೇಲೆ ಮೊದಲು ಎಪಾಕ್ಸಿ ಪ್ರೈಮರ್, ಆಮೇಲೆ ಪುಟ್ಟಿ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್, 3 ಎಂಎಂಗಿಂತ ದಪ್ಪ ಬೇಡ. ಬೋರ್ಡಿನ ಕೆಳಗಿನ ನೀರು ಹೋಗುವ ಕಿಂಡಿಗಳನ್ನು ಹೊಸ ತಗಡಿನಲ್ಲೂ ಅದೇ ಜಾಗದಲ್ಲಿ ಬಿಡಿ, ಹೆಚ್ಚಾಗಿ ಕೊಳೆತ ಶುರುವಾಗೋದು ಅವು ಮಣ್ಣು ಕಟ್ಟಿ. ಪೇಂಟ್ ಆದ ಮೇಲೆ ಉದ್ದ ನಳಿಗೆಯಲ್ಲಿ ಬೋರ್ಡಿನ ಒಳಕ್ಕೆ ಮೇಣ ಹೊಡೆಯಿರಿ, ಆ ಕಿಂಡಿಗಳಿಂದ ತೊಟ್ಟಿಕ್ಕುವವರೆಗೆ. ಬಾಗಿಲಿಗೆ ಹಾಕಿದ ಪೈಪ್ ಕತ್ತರಿಸೋದು ಎರಡೂ ಕಡೆ ಮುಗಿದು, ಮಾರ್ಕರ್ ಅಳತೆಗೆ ಸಂದು ತಾಳೆ ಆದ ಮೇಲೆ.