ಹಾರುವವನ ಕಣ್ಣು, ಕಟ್ಟುವವನ ಜೇಬು

ಮಗ ಪೈಲಟ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ ಎಂದು ಸೀರೆ ಅಂಗಡಿಯ ಶೆಟ್ಟರು ಹೇಳಿದ ಕೂಡಲೇ, ನಮ್ಮ ಜಗಲಿಯ ಸಭೆಯಲ್ಲಿ ಅಭಿನಂದನೆಗಿಂತ ಮೊದಲು ಲೆಕ್ಕಾಚಾರ ಶುರುವಾಯಿತು. ಶೆಟ್ಟರಾದರೋ ಹಾರಾಟದ ಶಾಲೆಗೆ ಕಟ್ಟಬೇಕಾದ ಮುಂಗಡದ ಚೆಕ್ಕನ್ನು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು.

"ಆ ಚೆಕ್ಕು ಸದ್ಯ ಜೇಬಿನಲ್ಲೇ ಇರಲಿ," ಎಂದರು ಡಾಕ್ಟರು. "ಮೊದಲು ಡಿಜಿಸಿಎ, ಅಂದರೆ ವಿಮಾನಯಾನದ ಸರ್ಕಾರಿ ನಿಯಂತ್ರಕರ, ಮಾನ್ಯತೆ ಪಡೆದ ವೈದ್ಯರಲ್ಲಿ ಕ್ಲಾಸ್ ಟೂ ಮೆಡಿಕಲ್ ಮಾಡಿಸಿ, ಅದರ ಬೆನ್ನಿಗೇ ಕ್ಲಾಸ್ ಒನ್ ಕೂಡ ಮುಗಿಸಿಬಿಡಿ. ಹಾರಾಟದಿಂದ ಸಂಬಳ ಎಣಿಸಬೇಕಾದವನಿಗೆ ಕ್ಲಾಸ್ ಒನ್ ಇಲ್ಲದೆ ಗತಿಯಿಲ್ಲ. ಸಾವಿರಗಳಲ್ಲಿ ಮುಗಿಯುವ ಪರೀಕ್ಷೆಯನ್ನು ಮುಂದೂಡಿ, ಲಕ್ಷಗಳನ್ನು ಮೊದಲು ಕಟ್ಟಿ ಕೂರುವವರನ್ನು ಕಂಡಾಗ ನನಗೆ ಆ ತಂದೆಯಂದಿರ ರಕ್ತದೊತ್ತಡವನ್ನೇ ನೋಡೋಣವೆನಿಸುತ್ತದೆ."

"ಹುಡುಗನಿಗೆ ಕನ್ನಡಕವಿದೆಯಲ್ಲ?" ಎಂದು ಮೇಷ್ಟ್ರು ಆತಂಕ ವ್ಯಕ್ತಪಡಿಸಿದರು.

"ಇರಲಿ ಬಿಡಿ. ಕನ್ನಡಕ ಹಾಕಿಕೊಂಡು ನಿಗದಿತ ಮಟ್ಟಕ್ಕೆ ಕಂಡರೆ ಸಾಕು. ಬಣ್ಣ ಕಾಣುವುದು ಮಾತ್ರ ಬೇರೆ ವಿಷಯ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಷಿಹಾರ ಹಾಳೆಗಳನ್ನು ಮುಂದೆ ಹಿಡಿಯುತ್ತಾರೆ. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಎತ್ತರದಲ್ಲಿ ಇಳಿಯುತ್ತಿದೆ ಎಂದರ್ಥ, ನಾಲ್ಕೂ ಕೆಂಪಾದರೆ ತೀರಾ ಕೆಳಗೆ ಬಂದಿದೆ ಎಂದರ್ಥ. ಅಲ್ಲಿ ಕೆಂಪೋ ಬಿಳಿಯೋ ಎಂದು ಪಕ್ಕದವರನ್ನು ಕೇಳಿಕೊಂಡು ಕೂರಲಾಗದು."

"ನನ್ನ ಮಗ ಗಿಣಿಹಸಿರನ್ನೂ ಪಾಚಿಹಸಿರನ್ನೂ ಟ್ಯೂಬ್‌ಲೈಟಿನ ಕೆಳಗೇ ಬೇರೆ ಮಾಡುತ್ತಾನೆ," ಎಂದು ಶೆಟ್ಟರು ಎದೆಯುಬ್ಬಿಸಿದರು. ಕೆಂಪು-ಹಸಿರಿನ ಬಣ್ಣಗುರುಡು ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತದೆ ಎಂದು ಡಾಕ್ಟರು ತಿಳಿಸಿದಾಗಲಂತೂ, ಮುಂದೆ ಏನೇ ಎಡವಟ್ಟಾದರೂ ತಮ್ಮ ವಂಶದ ಮೇಲೆ ಅಪವಾದ ಬಾರದೆಂಬ ಸಮಾಧಾನ ಅವರ ಮುಖದಲ್ಲಿ ಸ್ಪಷ್ಟವಾಗಿ ಮೂಡಿತು. ಅವರ ಶ್ರೀಮತಿಯವರು ಆ ಹೊತ್ತಿಗೆ ಅಲ್ಲಿರದಿದ್ದುದು ನಮ್ಮೆಲ್ಲರ ಪುಣ್ಯ.

ಆದರೆ ಬ್ಯಾಂಕಿನಿಂದ ನಿವೃತ್ತರಾದ ರಾಯರು ಆ ಸಮಾಧಾನವನ್ನು ಹೆಚ್ಚು ಹೊತ್ತು ಉಳಿಯಗೊಡಲಿಲ್ಲ. "ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಗಂಟೆಗೆ 15,000 ರೂಪಾಯಿ ಎಂದು ಹಿಡಿದರೂ 30 ಲಕ್ಷವಾಯಿತು, ನಿಮಿಷಕ್ಕೆ 250 ರೂಪಾಯಿ. ರನ್‌ವೇ ಖಾಲಿಯಾಗಲೆಂದು ಇಂಜಿನ್ ಓಡಿಸಿಕೊಂಡು ನಿಂತರೂ ಆಟೋದ ವೇಟಿಂಗ್ ಚಾರ್ಜಿನಂತೆ ಮೀಟರು ಓಡುತ್ತಲೇ ಇರುತ್ತದೆ. ಹಾಸ್ಟೆಲ್ಲು, ಪರೀಕ್ಷೆಯ ಶುಲ್ಕ, ಅವಳಿ ಇಂಜಿನ್ನಿನ ತರಬೇತಿಗಳೆಲ್ಲ ಪ್ರತ್ಯೇಕ."

"ಲೈಸೆನ್ಸ್ ಬಂದ ಮೇಲೆ ಏರ್‌ಬಸ್ ಹತ್ತಬಹುದಲ್ಲ?" ಎಂದರು ಶೆಟ್ಟರು.

"ಹತ್ತಬಹುದು, ಪ್ರಯಾಣಿಕನಾಗಿ. ಹಾರಿಸಬೇಕಾದರೆ ಆಯಾ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆ ಮಾಡಿಸಬೇಕು. ಅದಕ್ಕೆ ಮತ್ತೆ ಹತ್ತಾರು ಲಕ್ಷ."

ಇಷ್ಟು ದುಬಾರಿಯಾಗಲು ಕಾರಣವೇನೆಂದು ಮೇಷ್ಟ್ರು ಕೇಳಿದ್ದಕ್ಕೆ ರಾಯರು ಡಾಲರಿನತ್ತ ಬೊಟ್ಟು ಮಾಡಿದರು. ತರಬೇತಿಯ ಸೆಸ್ನಾ ವಿಮಾನಗಳೂ ಅವುಗಳ ಬಿಡಿಭಾಗಗಳೂ ಹೊರದೇಶದಿಂದ ಬರಬೇಕು. ಅವುಗಳ ಪಿಸ್ಟನ್ ಇಂಜಿನ್ನಿಗೆ ಬೇಕಾದ ಆವ್‌ಗ್ಯಾಸ್ ಎಂಬ ಪೆಟ್ರೋಲನ್ನು ಇಂಡಿಯನ್ ಆಯಿಲ್ ವಡೋದರದಲ್ಲಿ ತಯಾರಿಸಿ ಬಿಡುಗಡೆ ಮಾಡಿದ್ದೇ 2022ರಲ್ಲಿ, ಅಲ್ಲಿಯವರೆಗೆ ಅದೂ ಆಮದಿನ ಸರಕೇ ಆಗಿತ್ತು. ರೂಪಾಯಿ ಕುಸಿದಾಗಲೆಲ್ಲ ಬೆಂಗಳೂರಿನ ಜಕ್ಕೂರು ಹಾರಾಟ ಶಾಲೆಯಲ್ಲಿ ಹಾರುವ ಹುಡುಗನ ಅಪ್ಪನಿಗೂ ಅದರ ಬಿಸಿ ತಟ್ಟುತ್ತದೆ. ಸಾಲ ಕೇಳಿದರೆ ಬ್ಯಾಂಕು ಮನೆಯ ಪತ್ರ ತನ್ನಿ ಎನ್ನುತ್ತದೆ.

"ಅಷ್ಟೆಲ್ಲ ಸುರಿದು ಕೆಲಸಕ್ಕೆ ಸೇರಿದ ಮೇಲೂ ಮೆಡಿಕಲ್ ಮುಗಿಯಲಿಲ್ಲ," ಎಂದು ಡಾಕ್ಟರು ಮಾತು ಸೇರಿಸಿದರು. "ವರ್ಷ ತುಂಬಿದ ಕೂಡಲೇ ಮತ್ತೆ ಇಸಿಜಿ, ಮತ್ತೆ ರಕ್ತಪರೀಕ್ಷೆ. ಸಕ್ಕರೆಯೋ ಹೃದಯವೋ ತಕರಾರು ಎತ್ತಿದರೆ, ಅನುಮತಿ ಸಿಗುವ ತನಕ ನೆಲದ ಮೇಲೆಯೇ ವಾಸ."

ಶೆಟ್ಟರು ಬಹಳ ಹೊತ್ತು ಲೆಕ್ಕ ಹಾಕಿ, ನೆಲದ ಮೇಲೆಯೇ ಕುಳಿತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೆಲಸ ಹೇಗೆ ಎಂದು ವಿಚಾರಿಸಿದರು. ಅದಕ್ಕೆ ಪದವಿಯೂ ಸ್ಪರ್ಧಾತ್ಮಕ ಪರೀಕ್ಷೆಯೂ ಬೇಕು, ಆಯ್ಕೆಯಾದರೆ ಸಂಬಳ ಕೊಟ್ಟೇ ಕಲಿಸುತ್ತಾರೆ ಎಂದು ರಾಯರು ಹೇಳಿದಾಗ ಅವರ ಮುಖ ಅರಳಿತು.

"ಅವರಿಗೂ ಮೆಡಿಕಲ್ ಇದೆ, ಕ್ಲಾಸ್ ತ್ರೀ," ಎಂದರು ಡಾಕ್ಟರು.

"ಇರಲಿ ಸ್ವಾಮಿ, ನನ್ನ ಜೇಬಿಗಿಲ್ಲವಲ್ಲ!" ಎಂದ ಶೆಟ್ಟರು ಚೆಕ್ಕನ್ನು ಹೊರತೆಗೆದು ನಮ್ಮೆದುರಿಗೇ ಹರಿದರು, ಮನೆಯಲ್ಲಿರುವ ಮಗನಿಗೆ ಈ ತೀರ್ಮಾನವನ್ನು ತಿಳಿಸುವ ಹೊಣೆಯನ್ನು ಮೇಷ್ಟ್ರಿಗೆ ವಹಿಸಿದರು.